ಬಾವೊಬಾಬ್ ಪಾನಕ ಮಾಡೋದು ಹೀಗೆ, ಮಿಕ್ಸಿ ಮುಟ್ಟಬೇಡಿ

ಸೆನೆಗಲ್ ರಾಜಧಾನಿ ಡಾಕರ್‌ನಲ್ಲಿದ್ದಾಗ ನಮ್ಮನೆಗೆ ಬಂದ ನಮ್ಮ ಕಡೆಯವರೆಲ್ಲ ಮಾಡಿದ ಎಡವಟ್ಟು ಒಂದೇ, ಮಾರ್ಕೆಟ್ಟಿಂದ ಬಾವೊಬಾಬ್ (ಆಫ್ರಿಕಾದ ದಪ್ಪ ಕಾಂಡದ ಮರದ ಹಣ್ಣು) ತಂದು ಸೀದಾ ಮಿಕ್ಸಿಗೆ ಹಾಕೋದು. ಸೆನೆಗಲ್‌ನಲ್ಲಿ ಈ ಹಣ್ಣಿಗೆ 'ಬುಯ್' ಅಂತಾರೆ, ಪಾನಕಕ್ಕೂ ಅದೇ ಹೆಸರು. ನಮ್ಮ ಸವಣೂರಿನ ಮಠದಲ್ಲಿರೋ ದೊಡ್ಡ ಹುಣಸೆ ಮರಗಳು ಇದೇ ಜಾತಿಯವು.

ಕಾಯಿ ಸಿಕ್ರೆ ಕಲ್ಲಲ್ಲಿ ಒಡೀರಿ, ಇಲ್ಲಾಂದ್ರೆ ಓಡು ತೆಗೆದ, ಬೀಜ ಒಳಗಿರೋ ತಿರುಳಿನ ಉಂಡೆಗಳನ್ನೇ ತನ್ನಿ. ತಿರುಳು ಮರದಲ್ಲೇ ಒಣಗಿರತ್ತೆ, ಬಿಸಿಲಿಗೆ ಹಾಕೋ ಕೆಲಸ ಇಲ್ಲ. ಬಿಳಿ ಇರ್ಲಿ, ಕಂದು ತಿರುಗಿದ್ರೆ ಹಳೇ ಮಾಲು, ಅಲ್ಲೇ ಬಿಟ್ಬಿಡಿ.

ಈಗ ಅಸಲಿ ಕೆಲಸ. ಒಂದು ಲೋಟ ಉಂಡೆಗೆ ಮೂರು ಲೋಟ ಉಗುರು ಬೆಚ್ಚಗಿನ ನೀರು ಹಾಕಿ ಒಂದು ಗಂಟೆ ಬಿಡಿ. ಕುದಿಯೋ ನೀರು ಸುರಿದು ಟೈಮ್ ಉಳಿಸ್ತೀನಿ ಅಂದ್ರೆ ಸಿ ವಿಟಮಿನ್ ಹಾಳಾಗತ್ತೆ, ಈ ಹಣ್ಣಲ್ಲಿ ನಮಗೆ ಬೇಕಾಗಿರೋದೇ ಅದು, 100 ಗ್ರಾಂ ಒಣ ತಿರುಳಲ್ಲಿ ಎಷ್ಟೋ ಸಲ 200 ಮಿಲಿಗ್ರಾಂ ದಾಟತ್ತೆ, ಕಿತ್ತಳೆಯಲ್ಲಿ 50ರ ಆಸುಪಾಸು ಅಷ್ಟೇ. ಆಮೇಲೆ ಹುಣಸೆಹಣ್ಣು ಕಿವುಚಿದ ಹಾಗೆ ಕೈಯಲ್ಲೇ ಕಿವುಚಿ, ಕರೀ ಬೀಜ ಒಂದೊಂದಾಗಿ ನುಣ್ಣಗಾಗಿ ಜಾರೋ ತನಕ. ಕೈಗೆ ಕೆಂಪು ನಾರು ಸಿಕ್ಕೊಳ್ಳತ್ತೆ, ಅದನ್ನ ತೆಗೆದು ಬಿಸಾಕಿ. ಮಿಕ್ಸಿಗೆ ಹಾಕಿದ್ರೆ ಬೀಜ ಚೂರಾಗಿ ಬಾಯಲ್ಲೆಲ್ಲ ಮರಳು ಮರಳು. ಜರಡಿಯಲ್ಲಿ ಒಂದ್ಸಲ, ತೆಳು ಬಟ್ಟೆಯಲ್ಲಿ ಇನ್ನೊಂದ್ಸಲ ಸೋಸಿ, ಗಟ್ಟಿ ಮಜ್ಜಿಗೆ ಥರ ಬರ್ಬೇಕು.

ಸಕ್ಕರೆ, ಚಿಟಿಕೆ ಜಾಯಿಕಾಯಿ, ಫ್ರಿಡ್ಜು. ಅಲ್ಲಿ ಮಂದ ಹಾಲನ್ನೂ ಸುರೀತಾರೆ, ನನಗದು ಸೇರಲ್ಲ.

'ಸೂಪರ್‌ಫುಡ್' ಅಂತ ಚಿಕ್ಕ ಪೌಚಲ್ಲಿ ಮಾರೋ ಬಾವೊಬಾಬ್ ಪುಡಿಗೆ ದುಡ್ಡು ಸುರೀಬೇಡಿ, ಯೂರೋಪ್ ಒಕ್ಕೂಟ 2008ರಲ್ಲಿ ತಿರುಳು ಮಾರೋಕೆ ಪರ್ಮಿಷನ್ ಕೊಟ್ಮೇಲೆ ಅಂಥ ಪೌಚು ಜಾಸ್ತಿ ಆದವು. ಹಳ್ಳಿ ಕಡೆ ಶೇಂಗಾ, ಸಜ್ಜೆ ಕಟಾವು ಮುಗಿದು ಹೊಲದಲ್ಲಿ ಕೆಲಸ ಇಲ್ಲದ ಒಣ ತಿಂಗಳುಗಳಲ್ಲಿ ಹೆಂಗಸರು ಕಾಯಿ ಆಯ್ದು ಒಡೆದು ಮೂಟೆ ಕಟ್ಟಿ ಮಾರ್ತಾರೆ, ಎಲೆ ಒಣಗಿಸಿದ ಪುಡಿ 'ಲಾಲೊ' ಬೇರೆ, ಸಜ್ಜೆ ಹಿಟ್ಟನ್ನ ಸಣ್ಣ ಕಾಳು ಮಾಡಿ ಹಬೆಯಲ್ಲಿ ಬೇಯಿಸೋ ಕುಸ್‌ಕುಸ್‌ಗೆ ಅದು ಬೇಕೇ ಬೇಕು. ಹಾಗಾಗಿ ಮೂಟೆ ಮುಂದಿಟ್ಕೊಂಡು ಕೂತಿರೋ ಹೆಂಗಸರ ಹತ್ರಾನೇ ತಗೊಳ್ಳಿ.

ಗುಡ್ ಫ್ರೈಡೇ ದಿನ ಅಲ್ಲಿನ ಕ್ರಿಶ್ಚಿಯನ್ನರು ಇದೇ ರಸಕ್ಕೆ ಶೇಂಗಾ ಪೇಸ್ಟು, ಸಜ್ಜೆ ಸೇರಿಸಿ 'ಙಲಾಖ್' ಮಾಡಿ ಮುಸ್ಲಿಂ ನೆರೆಯವರಿಗೆಲ್ಲ ಹಂಚ್ತಾರೆ. ನಮ್ಮನೆಗೂ ಒಂದು ಬಕೆಟ್ ಬಂದಿತ್ತು, ಮೂರು ದಿನ ತಿಂದ್ವಿ.