ಐದು ನಾಣ್ಯ, ಒಂದು ಹುಂಡಿ: ಮಕ್ಕಳ ಬೆರಳು ನೋಡಲು ಕಲಿತ ನನ್ನ ಅನುಭವ

ಹೋದ ಜೂನ್‌ನಲ್ಲಿ ಬೆಂಗಳೂರಿನ ಹಿರಿಯ ಥೆರಪಿಸ್ಟ್ ಒಬ್ಬರು ಫೋನ್ ಮಾಡಿದರು. "ನಿನ್ನ ಹುಂಡಿಯ ಸೀಳು ಎಷ್ಟು ಉದ್ದ ಇದೆಯಮ್ಮಾ?" ಎಂದು ಕೇಳಿದರು. ನಾಲ್ಕು ವರ್ಷದ ಹಿಂದೆ ಇದೇ ಹಿರಿಯರು, "ಮಂಡಕ್ಕಿ ಎಣಿಸಿ ರಿಪೋರ್ಟ್ ಬರೀತೀಯಾ? ಯಾರು ನಂಬ್ತಾರೆ?" ಎಂದಿದ್ದರು. ಮಕ್ಕಳ ಬೆರಳ ಚಳಕ ಅಳೆಯಲು ನಾನೇ ಮಾಡಿಕೊಂಡ ಸಾಮಾನಿನ ಬಗ್ಗೆ ಆ ಮಾತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ದಾವಣಗೆರೆಯಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ಬರೆಯುವುದು, ಗುಂಡಿ ಹಾಕುವುದು ಇಂಥ ದಿನದ ಕೆಲಸ ಕಷ್ಟವಾದವರಿಗೆ ನೆರವಾಗುವವಳು. 14 ವರ್ಷ ಆಯಿತು. ಜಗಳೂರು, ಹೊನ್ನಾಳಿ, ಚನ್ನಗಿರಿ, ಆ ಕಡೆ ಚಳ್ಳಕೆರೆಯಿಂದಲೂ ಮಕ್ಕಳು ಬರುತ್ತಾರೆ. ಹತ್ತರಲ್ಲಿ ಏಳು ಮಕ್ಕಳ ದೂರು ಒಂದೇ, ಬರವಣಿಗೆ. ಮಕ್ಕಳ ಕೈಚಳಕ, ಚಲನೆ ಅಳೆಯುವ ಸ್ಟ್ಯಾಂಡರ್ಡ್ ಟೆಸ್ಟ್ ಆದ ಎಂಎಬಿಸಿ-2ರ ಕಿಟ್ ತರಿಸೋಣ ಎಂದರೆ ಆಗ ನನಗೆ ಹೇಳಿದ ಬೆಲೆ ಲಕ್ಷ ದಾಟಿತ್ತು. ಫಾರಂಗಳಿಗೆ ಬೇರೆ ದುಡ್ಡು. ನಾನು ತೆಗೆದುಕೊಳ್ಳುತ್ತಿದ್ದದ್ದು ಒಂದು ಮಗುವಿಗೆ 500 ರೂಪಾಯಿ. ಬಸ್ ಚಾರ್ಜ್ ಕೊಟ್ಟು ಬಂದವರ ಹತ್ತಿರ ಅದನ್ನೂ ಅರ್ಧ ಬಿಟ್ಟದ್ದುಂಟು. ಲೆಕ್ಕ ಎಲ್ಲಿಂದ ಕೂಡಬೇಕು?

ಹಾಗಾಗಿ ಕೈಗೆ ಸಿಗುವ ಸಾಮಾನಿನಿಂದಲೇ ಶುರು ಮಾಡಿದೆ. ಮೊದಲು ಮಂಡಕ್ಕಿ. ನಮ್ಮೂರಲ್ಲಿ ಅದಕ್ಕೇನು ಬರ? ಹೆಬ್ಬೆರಳು-ತೋರುಬೆರಳಿನಲ್ಲಿ ಒಂದೊಂದೇ ಎತ್ತಿ ಬಟ್ಟಲಿಗೆ ಹಾಕಬೇಕು, 30 ಸೆಕೆಂಡ್. ಮೂರು ವಾರದಲ್ಲಿ ಕೈ ಬಿಟ್ಟೆ. ಕಾಳು ಒಂದರ ಹಾಗೆ ಇನ್ನೊಂದಿಲ್ಲ. ಮಳೆಗಾಲದಲ್ಲಿ ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. ಚಿಕ್ಕವರು ತಿಂದುಬಿಡುತ್ತಾರೆ. ಆಮೇಲೆ ಶೇಂಗಾ ಬೀಜ ಇಟ್ಟೆ. ಚಳ್ಳಕೆರೆ ಕಡೆಯ ರೈತರ ಮಕ್ಕಳು ಬೀಜ ಆರಿಸಿ ಆರಿಸಿ ಪಳಗಿದವರು. ಅವರ ಮುಂದೆ ಪೇಟೆ ಮಕ್ಕಳೆಲ್ಲ ನಿಧಾನವಾಗಿ ಕಂಡರು.

ನಿಜವಾಗಿ ಕಣ್ಣು ತೆರೆಸಿದ್ದು ಮಣಿ ಪೋಣಿಸುವ ಕೆಲಸ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಹತ್ತು ಮಣಿಯನ್ನು ನನಗಿಂತ ಬೇಗ ಪೋಣಿಸಿ ಕೊಟ್ಟಳು. "ಕೈ ಚೆನ್ನಾಗಿದೆ" ಎಂದು ಬರೆದು ಕಳಿಸಿದೆ. ಎರಡು ತಿಂಗಳಿಗೆ ಅವಳ ಅಮ್ಮ ವಾಪಸ್ ಬಂದರು. ಅಂಗಿ ಗುಂಡಿ ಹಾಕಿಕೊಳ್ಳಲು ಬರಲ್ಲ, ಪೆನ್ಸಿಲ್ ಹಿಡಿದರೆ ಜಾರುತ್ತದೆ. ವಿಚಾರಿಸಿದರೆ ಅವರದು ಹೂ ಕಟ್ಟುವ ಮನೆ. ಹುಡುಗಿ ಐದು ವರ್ಷದಿಂದ ದಾರ ಹಿಡಿದವಳು. ನಾನು ಅಳೆದದ್ದು ಅವಳ ರೂಢಿಯನ್ನು, ಬೆರಳನ್ನಲ್ಲ. ಎಂಎಬಿಸಿಯಲ್ಲಿ ಹನ್ನೊಂದು ದಾಟಿದವರಿಗೆ ನಟ್-ಬೋಲ್ಟ್ ಹಾಕಿ ತ್ರಿಕೋನ ಜೋಡಿಸುವ ಕೆಲಸ ಇದೆ, ಅದರಲ್ಲೂ ಹಾಗೇ ಆಯಿತು. ಸಂಜೆ ಗ್ಯಾರೇಜಿಗೆ ಹೋಗುವ 15 ವರ್ಷದ ಹುಡುಗ ನಟ್ ತಿರುಗಿಸಿದ ವೇಗ ನೋಡಬೇಕಿತ್ತು. ಅವನ ನೋಟ್ಸ್ ಮಾತ್ರ ಅವನಿಗೇ ಓದಲು ಬರುತ್ತಿರಲಿಲ್ಲ. ಅಂದಿನಿಂದ ನಾನು ಮೊದಲು ಕೇಳುವುದು, "ಮನೇಲಿ ಕೈಯಿಂದ ಏನು ಕೆಲಸ ಮಾಡ್ತಾನೆ?" ಎಂದು.

ಪೆಗ್ ಬೋರ್ಡಿಗೆ ಹಾಳಾದ ದುಡ್ಡು ಹೇಳಲೇಬೇಕು. ತೂತಿಗೆ ಒಂದೊಂದೇ ಕಡ್ಡಿ ಹಾಕಿ ತೆಗೆಯುವ ವೇಗ ನೋಡುವ ಹಲಗೆ, ಒಂಬತ್ತು ತೂತಿನದು. ಬಡಗಿಗೆ ಅಳತೆ ಕೊಟ್ಟೆ, ಕಡ್ಡಿ ಕಾಲು ಇಂಚು ದಪ್ಪ, ಇಂಚುಕಾಲು ಉದ್ದ. 1,800 ರೂಪಾಯಿ. ಜುಲೈಯಲ್ಲಿ ಕಡ್ಡಿ ಉಬ್ಬಿ ತೂತಿಗೆ ಇಳಿಯಲೇ ಇಲ್ಲ. ಉಜ್ಜಿಸಿದೆ, ಬೇಸಿಗೆಯಲ್ಲಿ ಸಡಿಲ. ಕೊನೆಗೆ ಹರಿಹರಕ್ಕೆ ಹೋದೆ. ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಊರು, ಈಗಲೂ ಅಲ್ಲಿ ಕೈ ಪಳಗಿದ ಟರ್ನರ್‌ಗಳಿದ್ದಾರೆ. ವಯಸ್ಸಾದ ಯಜಮಾನರೊಬ್ಬರು ನೈಲಾನ್ ರಾಡಿನಲ್ಲಿ 20 ಕಡ್ಡಿ ಕಡೆದುಕೊಟ್ಟರು. 2,200 ಆಯಿತು. ಮೂರು ಮಳೆಗಾಲ ಕಂಡರೂ ಒಂದು ಕೂದಲು ಹೆಚ್ಚುಕಮ್ಮಿ ಆಗಿಲ್ಲ. ಕೆಟ್ಟದ್ದೆಲ್ಲ ಸೇರಿ ನನ್ನ ಇಡೀ ಪೆಟ್ಟಿಗೆಗೆ ಹತ್ತು ಸಾವಿರದೊಳಗೆ ಬಿತ್ತು. ಅದರಲ್ಲಿ ನಾಲ್ಕು ಸಾವಿರ ಸುಮ್ನೆ ಹೋದದ್ದು.

ಆದರೆ ಪೆಗ್ ಬೋರ್ಡ್ ಒಂದೇ ಸಾಲದು. ಪರ್ಡ್ಯೂ ಬೋರ್ಡ್ ಎಂಬ ಇನ್ನೊಂದು ಪೆಗ್ ಬೋರ್ಡನ್ನು 1948ರಲ್ಲಿ ಕಾರ್ಖಾನೆಗೆ ಕೆಲಸಗಾರರನ್ನು ಆರಿಸಲು ಮಾಡಿದ್ದು. ಎಷ್ಟು ಬೇಗ ಎನ್ನುವುದು ಗೊತ್ತಾಗುತ್ತದೆ, ಹೇಗೆ ಎನ್ನುವುದು ಗೊತ್ತಾಗಲ್ಲ. ನನ್ನ ಕೈ ಹಿಡಿದದ್ದು ಹುಂಡಿ. ಐದು ನಾಣ್ಯ ಮೇಜಿನ ಮೇಲೆ. ಒಂದೊಂದೇ ಎತ್ತಿ ಅದೇ ಕೈಯ ಮುಷ್ಟಿಯೊಳಗೆ ಸೇರಿಸಬೇಕು, ಇನ್ನೊಂದು ಕೈ ತಾಗಬಾರದು. ಐದೂ ಸೇರಿದ ಮೇಲೆ ಒಂದೊಂದೇ ಬೆರಳ ತುದಿಗೆ ತಂದು ಹುಂಡಿಗೆ ಹಾಕಬೇಕು. ಹೂ ಕಟ್ಟುವವರಿಗಾಗಲಿ, ಗ್ಯಾರೇಜಿನವರಿಗಾಗಲಿ ಇದು ರೂಢಿ ಇಲ್ಲ. ಎಲ್ಲರಿಗೂ ಒಂದೇ ಹೊಸತು.

ಇಲ್ಲೂ ಎಡವಿದೆ. ಶುರುವಿನಲ್ಲಿ ಒಂದು ರೂಪಾಯಿ ನಾಣ್ಯ ಹಳೆಯದು ಹೊಸದು ಬೆರೆತಿತ್ತು. ಹೊಸದು 20 ಮಿಲಿಮೀಟರ್, ಅದಕ್ಕೆ ಮುಂಚಿನದು 22ರ ಹತ್ತಿರ. ಆರು ವರ್ಷದ ಅಂಗೈಗೆ ಆ ಎರಡು ಮಿಲಿಮೀಟರ್ ದೊಡ್ಡದು. ಈಗ ಐದೂ ಹೊಸವೇ. ಸೀಳು 28 ಮಿಲಿಮೀಟರ್ ಉದ್ದ, 3 ಅಗಲ. ಹುಂಡಿಯ ತಳಕ್ಕೆ ಏನು ಹಾಕಿದ್ದೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲ್ಲ. ನಾಣ್ಯ ಬಿದ್ದ ಸದ್ದಿಗೆ ಮಗು ತಲೆ ಎತ್ತಬಾರದು, ಅದಕ್ಕಾಗಿ ಎಂದಷ್ಟೇ ತಿಳಿಯಿರಿ.

ಫೋನನ್ನು ಮೇಲಿನಿಂದ ಕೈಗಷ್ಟೇ ಫೋಕಸ್ ಮಾಡಿ ಸ್ಟ್ಯಾಂಡಿಗೆ ಹಾಕುತ್ತೇನೆ, 650 ರೂಪಾಯಿಯ ಸ್ಟ್ಯಾಂಡ್. ಆಮೇಲೆ ಅರ್ಧ ವೇಗದಲ್ಲಿ ನೋಡುತ್ತೇನೆ. ಎಷ್ಟು ಬಾರಿ ಬಿತ್ತು? ನಾಣ್ಯ ತಿರುಗಿಸಲು ಎದೆಗೋ ಮೇಜಿನ ಅಂಚಿಗೋ ಒತ್ತಿದನಾ? ಸುಮ್ಮನಿರಬೇಕಾದ ಎಡಗೈ ಬೆರಳೂ ಜೊತೆಗೆ ಆಡಿದವಾ? ಆರೇಳು ವರ್ಷಕ್ಕೆ ಅದು ಸಾಮಾನ್ಯ. ಹನ್ನೆರಡಕ್ಕೂ ಹಾಗೇ ಇದ್ದರೆ ಗುರುತು ಹಾಕಿಕೊಳ್ಳುತ್ತೇನೆ. ಅಂಕ ಕೊಡುವಾಗ ಸಮಯಕ್ಕಿಂತ ಇವಕ್ಕೇ ಜಾಸ್ತಿ ತೂಕ.

ಹೋಲಿಸಿ ನೋಡಲು ನಮ್ಮದೇ ಮಕ್ಕಳ ಪಟ್ಟಿ ಬೇಕಲ್ಲ. ಮೂರು ಶಾಲೆಗಳಲ್ಲಿ ಅನುಮತಿ ಕೇಳಿದೆ. ಮನೆಯವರ ಸಹಿ ತರಿಸಿದೆ. ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ ಒಂದೂವರೆ ವರ್ಷ ಕೂತೆ. ಆರರಿಂದ ಹದಿನಾರು ವರ್ಷದವರು, ಸುಮಾರು 230 ಮಕ್ಕಳು. ಮೊದಲ 60 ಮಕ್ಕಳ ಅಂಕ ಪೂರ್ತಿ ಕಸಕ್ಕೆ ಹೋಯಿತು. ಬೆಂಚು ಎತ್ತರ, ಚಿಕ್ಕವರ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕಾಲು ತೂಗಾಡಿದರೆ ಕೈ ನಿಲ್ಲುವುದೆಲ್ಲಿ? ಇದು ಪಾಠದಲ್ಲಿ ಓದಿದ್ದೇ, ಆದರೂ ಆರು ಶನಿವಾರ ಕಳೆದುಕೊಂಡೆ. ಈಗ ಕಾಲಡಿಗೆ ಇಡಲು ಹಲಗೆ ನನ್ನ ಕಾರಿನಲ್ಲೇ ಇರುತ್ತದೆ.

ನಡುವೆ ಬರವಣಿಗೆಯ ಮೇಲೂ ಒಂದು ಪ್ರಯೋಗ ನಡೆಯಿತು. ಇಂಗ್ಲಿಷಿನಲ್ಲಿ ನಿಮಿಷಕ್ಕೆ ಎಷ್ಟು ಅಕ್ಷರ ಎಂದು ಎಣಿಸುತ್ತಾರೆ. ಕನ್ನಡಕ್ಕೆ ಅದು ಹೊಂದಲ್ಲ. ಒತ್ತಕ್ಷರಕ್ಕೆ ಪೆನ್ನು ಎತ್ತಿ ಕೆಳಗೆ ಇಳಿಯಬೇಕು, ಮತ್ತೆ ಮೇಲೆ ಬರಬೇಕು. ಎರಡು ಪ್ಯಾರಾ ಮಾಡಿದೆ. ಒಂದರಲ್ಲಿ ಒತ್ತೇ ಇಲ್ಲ, ಬರೀ ಕಮಲ, ಬಸವ, ಮರದ ನೆರಳು. ಇನ್ನೊಂದರಲ್ಲಿ ಅಕ್ಕ, ಅಮ್ಮ, ಕಲ್ಲು, ಎತ್ತು, ಪುಸ್ತಕ. ತೊಂದರೆ ಇಲ್ಲದ ಮಕ್ಕಳಲ್ಲಿ ಎರಡನೆಯದು ಅಲ್ಪಸ್ವಲ್ಪ ನಿಧಾನ. ಬೆರಳ ತೊಂದರೆ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಕಾಗುಣಿತ ಗೊತ್ತಿಲ್ಲದ ಮಕ್ಕಳೂ ಹೀಗೇ ನಿಲ್ಲುತ್ತಾರೆ, ಅದಕ್ಕೆ ನೋಡಿಕೊಂಡು ಬರೆಯಲು ಕೊಡಬೇಕು, ಹೇಳಿ ಬರೆಸಬಾರದು. ಈ ಪ್ರಯೋಗ ಇನ್ನೂ ಮುಗಿದಿಲ್ಲ.

ಅದರಿಂದ ಸಿಕ್ಕ ಲಾಭ ಜಗಳೂರು ಕಡೆಯ ಹತ್ತನೇ ಕ್ಲಾಸಿನ ಹುಡುಗನಿಗೆ ಆಯಿತು. ಅವನ ತಾಯಿ, "ಕೈ ನೋಯ್ತದೆ ಅಂತಾನ್ರೀ ಮೇಡಂ. ಮೇಷ್ಟ್ರು ಸೋಮಾರಿ ಅಂತಾರೆ. ನಂಗೇನೂ ತಿಳಿವಲ್ದು" ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡರು. ಬೇರೆ ಕಡೆ ಎರಡು ನಿಮಿಷ ಬರೆಸಿ "ನಾರ್ಮಲ್" ಎಂದು ಕಳಿಸಿದ್ದರಂತೆ. ಪೆಗ್ ಬೋರ್ಡಿನಲ್ಲಿ ನನ್ನ ಹತ್ತಿರವೂ ಅವನು ಸರಿಯೇ ಇದ್ದ. ಹುಂಡಿಯಲ್ಲಿ ಐದರಲ್ಲಿ ಮೂರು ನಾಣ್ಯ ಬಿದ್ದವು, ಎರಡು ಸಲ ಎದೆಗೆ ಒತ್ತಿದ. ಹತ್ತು ನಿಮಿಷ ಬರೆಸಿದೆ. ಮೊದಲ ಎರಡು ನಿಮಿಷಕ್ಕೆ 40 ಅಕ್ಷರ, ಕೊನೆಯ ಎರಡಕ್ಕೆ 17. ಅವನ ವಯಸ್ಸಿನವರು 45ರಿಂದ 40ಕ್ಕೆ ಇಳಿಯುತ್ತಾರೆ, ಅಷ್ಟೇ. ಆ ಹಾಳೆಯನ್ನು ತಾಯಿಯ ಮುಂದೆ ಇಟ್ಟಾಗ ಹುಡುಗನೇ ಮೊದಲು ಮಾತಾಡಿದ. "ನಾ ಹೇಳಿದ್ದು ಸುಳ್ಳಲ್ಲ ನೋಡವ್ವಾ" ಎಂದ.

ಅವನ ರಿಪೋರ್ಟಿನ ಮೇಲೇ ಆ ಹಿರಿಯರು ತಕರಾರು ತೆಗೆದರು. ನಾನೂ ಬಿಡಲಿಲ್ಲ. ಗೆಳತಿಯ ಎಂಎಬಿಸಿ ಕಿಟ್ ಎರಡು ವಾರ ಎರವಲು ತಂದೆ. 40 ಮಕ್ಕಳನ್ನು ನಾನು ಹುಂಡಿ, ಪೆಗ್‌ನಲ್ಲಿ ನೋಡಿದೆ. ನನ್ನ ಅಂಕ ತೋರಿಸದೆ ಅವರನ್ನೇ ಗೆಳತಿ ಕಿಟ್‌ನಲ್ಲಿ ನೋಡಿದಳು. ಕೈಚಳಕದ ಭಾಗದಲ್ಲಿ ಕಿಟ್ ಹಿಡಿದದ್ದು 9 ಮಕ್ಕಳನ್ನು. ನಾನು ಹಿಡಿದದ್ದು 11. ಎರಡರಲ್ಲೂ ಸಿಕ್ಕವರು 8. ನನಗೆ ತಪ್ಪಿದ ಒಬ್ಬಳು ಎಡಗೈಯವಳು. ವಾರ ಬಿಟ್ಟು ಅದೇ ಹೊತ್ತಿಗೆ ಮತ್ತೆ ನೋಡಿದಾಗಲೂ ಹೆಚ್ಚಿನವರ ಅಂಕ ಅಲ್ಲೇ ನಿಂತಿತು. ಇದನ್ನು ಕಳಿಸಿದ ಮೇಲೇ ಜೂನ್‌ನ ಆ ಫೋನ್ ಬಂದದ್ದು. ಹತ್ತು ಸಾವಿರದ ಪೆಟ್ಟಿಗೆ ಲಕ್ಷದ ಕಿಟ್‌ನ ಹತ್ತಿರ ನಿಂತಿತು ಎಂದು ಹೇಳಲು ನನಗೆ ಸಂಕೋಚವಿಲ್ಲ. ಆದರೂ ಸರ್ಟಿಫಿಕೇಟ್ ಬೇಕಾದವರಿಗೆ ಸ್ಟ್ಯಾಂಡರ್ಡ್ ಟೆಸ್ಟ್ ಮಾಡಿಸಲೇಬೇಕು. ಯಾರನ್ನು ಅಲ್ಲಿಗೆ ಕಳಿಸಬೇಕು ಎಂದು ಹುಂಡಿ ಹೇಳುತ್ತದೆ.

ಎಡಗೈ ಮಕ್ಕಳ ಪಟ್ಟಿ ಮಾತ್ರ ಇನ್ನೂ ಬಡವಾಗಿದೆ. 230ರಲ್ಲಿ ಸಿಕ್ಕವರು 19 ಮಂದಿ. ಮನೆಯಲ್ಲಿ ಬೈದು ಬಲಗೈಗೆ ತಿರುಗಿಸಿದವರು ಬೇರೆ ಇದ್ದಾರೆ, ಅವರನ್ನು ಯಾವ ಪಟ್ಟಿಗೆ ಸೇರಿಸಬೇಕೋ ತಿಳಿಯುತ್ತಿಲ್ಲ. ಮುಂದಿನ ಶನಿವಾರ ಹರಿಹರದ ಶಾಲೆಯೊಂದಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಆರು ಜನ ಎಡಚರಿದ್ದಾರೆ ಎಂದು ಟೀಚರ್ ಹೇಳಿದ್ದಾರೆ.