ಭೂವಿಜ್ಞಾನ ತಗೊಂಡಿದ್ದೀರಾ? ಮೊದಲು ಒಂದು ಬಳಪ ಹುಡುಕಿ

ಪಿಯುಸಿ ಮುಗಿಸಿ ಹಾಸನದಲ್ಲಿ ಬಿ.ಎಸ್ಸಿ ಸೇರುವ ಕೆಲವರು ಭೂವಿಜ್ಞಾನ ಆರಿಸಿಕೊಳ್ಳುತ್ತಾರೆ. ಬಹುತೇಕರಿಗೆ ಅದು ಹೊಸ ವಿಷಯ. ನನಗೂ ಹಾಗೇ ಆಗಿತ್ತು. ಮೊದಲ ಟೆಸ್ಟಿಗೆ ಶಿಲೆಗಳ ಮೂರು ವಿಧಗಳನ್ನು ಗಟ್ಟು ಹೊಡೆದು ಬರೆದೆ. ಒಳ್ಳೆ ಅಂಕವೂ ಬಂತು. ಮರುವಾರ ಪ್ರಾಕ್ಟಿಕಲ್‌ನಲ್ಲಿ ಮೇಷ್ಟ್ರು ಒಂದು ಕಲ್ಲು ಕೈಗಿಟ್ಟು 'ಏನಪ್ಪಾ ಇದು?' ಅಂದರು. ಗ್ರಾನೈಟ್ ಅಂದೆ. ಅದು ನೈಸ್ (gneiss) ಅನ್ನುವ ಬೇರೆಯೇ ಕಲ್ಲಾಗಿತ್ತು.

ಅದಕ್ಕೇ ಹೇಳುತ್ತೇನೆ, ಕಾಲೇಜು ಶುರುವಾಗುವ ಮೊದಲೇ ಕಲ್ಲು ಕೈಯಲ್ಲಿ ಹಿಡಿಯಿರಿ. ಸ್ಲೇಟಿಗೆ ಬರೆಯುವ ಕಲ್ಲಿನ ಬಳಪ ಸಿಕ್ಕರೆ ಉಗುರಿನಿಂದ ಗೀರಿ. ಗೀರು ಬೀಳುತ್ತದೆ. ಆಮೇಲೆ ಹಿತ್ತಲಲ್ಲಿ ಸಿಗುವ ಬೆಣಚುಕಲ್ಲನ್ನು ಗೀರಿ ನೋಡಿ. ಉಗುರೇ ಸವೆಯುತ್ತದೆ. ಮೋಸ್ ಗಡಸುತನದ ಅಳತೆ ಅಂದರೆ ಇಷ್ಟೇ, ಹೆಚ್ಚು ಅಂಕಿಯದ್ದು ಕಮ್ಮಿ ಅಂಕಿಯದ್ದನ್ನು ಗೀರುತ್ತದೆ: ತೀರಾ ಮೆದು ಖನಿಜವಾದ ಟಾಲ್ಕ್ 1, ಉಗುರು ಸುಮಾರು 2.5, ಚಾಕು 5.5ರ ಆಸುಪಾಸು, ಬೆಣಚು 7, ವಜ್ರ 10. ಬಳಪದ ಕಲ್ಲಲ್ಲಿ ಟಾಲ್ಕ್ ಜಾಸ್ತಿ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯನ್ನು 12ನೇ ಶತಮಾನದಲ್ಲಿ ಕಟ್ಟಿದ್ದು ಇದೇ ಜಾತಿಯ ಮೆದು ಕಲ್ಲಲ್ಲಿ. ಮೂರ್ತಿಗಳ ಓಲೆ, ಸರ, ಬಳೆ ಎಲ್ಲ ಎಳೆಎಳೆಯಾಗಿ ಬಿಡಿಸಲು ಆದದ್ದು ಅದರಿಂದಲೇ. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನ ಮೈ ಗ್ರಾನೈಟು. ಅದರಲ್ಲಿ ಅಂಥ ಸೂಕ್ಷ್ಮ ಕೆತ್ತನೆ ಎಷ್ಟು ಕಷ್ಟ, ಯೋಚಿಸಿ. (ಗುಡಿ ಗೋಡೆಗೆ ಮಾತ್ರ ಉಗುರು, ಚಾಕು ತಾಗಿಸಬೇಡಿ. ಬಳಪ ಇದೆಯಲ್ಲ, ಅದು ಸಾಕು.)

ಇನ್ನು ನನ್ನನ್ನು ಕೆಡವಿದ ಆ ನೈಸ್. ಗ್ರಾನೈಟಿಗೂ ಅದಕ್ಕೂ ಖನಿಜಗಳು ಹೆಚ್ಚುಕಮ್ಮಿ ಒಂದೇ: ಗಾಜಿನಂತಿರುವ ಬೆಣಚು, ಬಿಳಿ ಇಲ್ಲವೇ ನಸುಗೆಂಪಿನ ಫೆಲ್ಡ್‌ಸ್ಪಾರ್, ಮಿರಮಿರ ಮಿಂಚುವ ಕಾಗೆಬಂಗಾರ. ಕಲ್ಲಿಗೆ ನೀರು ಚಿಮುಕಿಸಿ ನೋಡಿ. ಕಾಳುಗಳು ಚೆಲ್ಲಾಪಿಲ್ಲಿಯಾಗಿದ್ದರೆ ಗ್ರಾನೈಟ್. ಕಪ್ಪು ಬಿಳಿ ಪಟ್ಟೆಯಾಗಿ ಸಾಲುಗಟ್ಟಿದ್ದರೆ ನೈಸ್. ನೆಲದಾಳದ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಕಲ್ಲು ಮಾರ್ಪಟ್ಟಾಗ ಹಾಗೆ ಪಟ್ಟೆ ಬರುತ್ತದೆ. ಗೊರೂರಿನ ನೈಸ್ 300 ಕೋಟಿ ವರ್ಷಕ್ಕೂ ಹಳೆಯದು.

300 ಕೋಟಿ ಅಂದರೆ ತಲೆಗೆ ಹೋಗುವುದಿಲ್ಲ, ಅಲ್ವಾ? ತೋಟದಲ್ಲಿ 46 ಮೀಟರ್ ಹಗ್ಗ ಎಳೆಯಿರಿ. ಒಂದು ಮೀಟರಿಗೆ 10 ಕೋಟಿ ವರ್ಷ. ಒಂದು ತುದಿಯಲ್ಲಿ ಭೂಮಿ ಹುಟ್ಟಿತು, ಇನ್ನೊಂದು ತುದಿ ಇವತ್ತು. ಗೊರೂರಿನ ಕಲ್ಲು ಇವತ್ತಿನಿಂದ 30 ಮೀಟರಿಗೂ ಹಿಂದೆ. ಡೈನೋಸಾರ್‌ಗಳು ಅಳಿದದ್ದು 66 ಸೆಂಟಿಮೀಟರ್ ಹಿಂದೆ. ನಮ್ಮ ಮನುಷ್ಯ ಜಾತಿ ಕೊನೆಯ 3 ಮಿಲಿಮೀಟರಿನಲ್ಲಿ. ಒಮ್ಮೆ ನಡೆದು ನೋಡಿದರೆ ಮರೆಯುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರು ಪದಗಳಿಗೆ ಹೆದರುತ್ತಾರೆ. ಒಂದು ಚಿಕ್ಕ ನೋಟ್‌ಬುಕ್ ಇಡಿ. ಕ್ವಾರ್ಟ್ಜ್ ಎದುರು ಬೆಣಚುಕಲ್ಲು, ಮೈಕಾ ಎದುರು ಕಾಗೆಬಂಗಾರ, ಹೀಗೆ ಬರೆಯುತ್ತಾ ಹೋಗಿ. ಅಜ್ಜಿಯನ್ನೂ ಕೇಳಿ. ನನ್ನ ಪುಸ್ತಕದ ಅರ್ಧ ಪದ ಅಜ್ಜಿ ಕೊಟ್ಟದ್ದೇ.

ಓದುವ ರೀತಿಯೂ ಸ್ವಲ್ಪ ಬದಲಾಗಬೇಕು. ನೋಟ್ಸನ್ನು ಸುಮ್ನೆ ಮತ್ತೆ ಮತ್ತೆ ಓದಿದರೆ ಎಲ್ಲ ಬಂದ ಹಾಗೆ ಅನ್ನಿಸುತ್ತದೆ, ಬಂದಿರುವುದಿಲ್ಲ. ಪಾಠ ಆದ ಸಂಜೆಯೇ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಿರಿ, ಚಿತ್ರವನ್ನೂ ಬಿಡಿಸಿ. ಬಿಟ್ಟುಹೋದದ್ದನ್ನು ಪುಸ್ತಕ ತೆಗೆದು ಕೆಂಪು ಪೆನ್ನಲ್ಲಿ ಸೇರಿಸಿ. ಎರಡು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ಮೂರನೇ ಸಲಕ್ಕೆ ಕೆಂಪು ಕಮ್ಮಿಯಾಗಿರುತ್ತದೆ.

ಫೀಲ್ಡ್‌ಗೆ ಕರೆದುಕೊಂಡು ಹೋದಾಗ ಫೋಟೊ ಹೊಡೆಯುವಾಗ ಪಕ್ಕದಲ್ಲಿ ಪೆನ್ನೋ ನಾಣ್ಯವೋ ಇಡಿ, ಗಾತ್ರ ಗೊತ್ತಾಗುತ್ತದೆ. ಬಂಡೆಯ ಚಿತ್ರ ಕೈಯಲ್ಲೂ ಬಿಡಿಸಿ, ಉತ್ತರ ಯಾವ ಕಡೆ ಅಂತ ಬಾಣ ಹಾಕಿ. ತಂದ ಕಲ್ಲಿಗೆ ಅಲ್ಲೇ ಚೀಟಿ ಅಂಟಿಸಿ: ಊರು, ತಾರೀಖು, ಬಂಡೆಯ ಯಾವ ಭಾಗದ್ದು. ಮನೆಗೆ ಹೋಗಿ ಬರೆಯೋಣ ಅಂತ ಬಿಡಬೇಡಿ. ನಾನು ಬಿಟ್ಟಿದ್ದೆ. ಆ ಕಲ್ಲು ಸಕಲೇಶಪುರದ್ದೋ ಗೊರೂರಿನದ್ದೋ ಈಗಲೂ ಗೊತ್ತಿಲ್ಲ. ಗಾಳಿಗೆ ಬಾಗಿಲು ಬಡಿಯದ ಹಾಗೆ ಅಡ್ಡ ಇಟ್ಟಿದ್ದೇವೆ.