ಮುಳ್ಳಯ್ಯನಗಿರಿ ಸುತ್ತು: ಸರ್ಪದಾರಿಯಲ್ಲಿ ಹತ್ತಿ, ಟಾರು ರಸ್ತೆಯಲ್ಲಿ ಇಳಿಯಿರಿ

1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗಿಂತ ದೊಡ್ಡ ಶಿಖರ ಕರ್ನಾಟಕದಲ್ಲಿ ಇಲ್ಲ. ಕಾರಲ್ಲಿ ಹೋಗಿ, ಮೆಟ್ಟಿಲು ಹತ್ತಿ, ಫೋಟೊ ತೆಗೆದು ಬಂದವರು ನಿಮ್ಮಲ್ಲೂ ಇರುತ್ತೀರಿ. ಓಡಿ ಸುತ್ತು ಹಾಕುವ ಆಸೆಯಿದ್ದರೆ ಸರ್ಪದಾರಿ ಅನ್ನುವ ಕಾಲುದಾರಿಯಿಂದ ಹತ್ತಿ, ಸೀತಾಳಯ್ಯನಗಿರಿ ಕಡೆಯ ಟಾರು ರಸ್ತೆ ಹಿಡಿದು ಹೊರಟಲ್ಲಿಗೇ ವಾಪಸ್ ಬನ್ನಿ. ಉಲ್ಟಾ ಬೇಡ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಇಳಿಯುವುದು ಎಂಥಾ ಕಷ್ಟ ಅಂತ ನನ್ನ ಮೊಣಕೈ ಮೇಲಿನ ಕಲೆ ಹೇಳುತ್ತದೆ.

ತಿಂಗಳು ಮೊದಲೇ ತಯಾರಿ ಶುರು ಮಾಡಿ. ನಾನಿರುವುದು ಹಾಸನದಲ್ಲಿ, ಹಾಗಾಗಿ ಭಾನುವಾರ ಬಂತೆಂದರೆ ಶ್ರವಣಬೆಳಗೊಳ. ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಜಾಸ್ತಿ ಮೆಟ್ಟಿಲಿವೆ. ಚಪ್ಪಲಿ, ಶೂ ಕೆಳಗೇ ಬಿಡಬೇಕು. ಭಕ್ತರ ನಡುವೆ ಓಡಬೇಡಿ, ಸುಮ್ನೆ ಒಂದೇ ಲಯದಲ್ಲಿ ನಡೆಯಿರಿ. ಹತ್ತುವಾಗ ಉಸಿರು ಪಳಗುತ್ತದೆ, ಆದರೆ ತೊಡೆ ಪಳಗುವುದು ಇಳಿಯುವಾಗಲೇ.

ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಮಂಜು, ಗಾಳಿ, ಅದರ ಮೇಲೆ ಇಂಬಳದ (ರಕ್ತ ಹೀರುವ ಜಿಗಣೆ) ಕಾಟ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಗುಡುಗು ಮಳೆಗೆ ಬೋಳುಗುಡ್ಡದಲ್ಲಿ ಸಿಕ್ಕಿಬಿದ್ದರೆ ಆಸರೆಗೆ ಏನೂ ಇಲ್ಲ. ಶನಿವಾರ, ಭಾನುವಾರ ಹೋಗಬೇಡಿ, ಆ ಕಿರಿದಾದ ರಸ್ತೆಯಲ್ಲಿ ಕಾರುಗಳ ಮಧ್ಯೆ ನುಸುಳಿ ಇಳಿಯುವುದಕ್ಕೆ ಓಟ ಅನ್ನುವುದಿಲ್ಲ. ಅರಣ್ಯ ಇಲಾಖೆಯ ಅನುಮತಿ, ಶುಲ್ಕದ ವಿಷಯ ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿ ಬಸ್ಸು ಹತ್ತಿದರೆ ಸರ್ಪದಾರಿ ಕಮಾನಿನ ಹತ್ತಿರ ಇಳಿಯಬಹುದು. ಹತ್ತುವ ದಾರಿಯಲ್ಲಿ ನಲ್ಲಿ, ಅಂಗಡಿ ಯಾವುದೂ ಇಲ್ಲ. ಒಂದೂವರೆ ಲೀಟರ್ ನೀರು, ಎರಡು ಬಾಳೆಹಣ್ಣು, ಕಡಲೆಮಿಠಾಯಿ, ತೆಳು ಜಾಕೆಟ್ ಇರಲಿ. ಹೊಸ ಶೂ ಹಾಕಿ ಬರುವ ಸಾಹಸ ಬೇಡ.

ಇನ್ನು ಹತ್ತುವುದು. ಸುಮಾರು ನಾಲ್ಕು ಕಿಲೋಮೀಟರ್ ಕಾಲುದಾರಿ, ಹೆಸರಿಗೆ ತಕ್ಕಂತೆ ಹಾವಿನ ಹಾಗೆ ಸುತ್ತಿಕೊಂಡು ಹೋಗುತ್ತದೆ. ಮೊದಲ ಹತ್ತು ನಿಮಿಷ ಓಡಿದಿರೋ, ಆಮೇಲೆ ಅರ್ಧ ಗಂಟೆ ಕೂರುತ್ತೀರಿ. ಕಡಿದಾದಲ್ಲಿ ಅಂಗೈ ತೊಡೆ ಮೇಲೆ ಊರಿ, ಪುಟ್ಟ ಹೆಜ್ಜೆ ಇಟ್ಟು ನಡೆಯಿರಿ, ಒಂದು ಮಾತು ಆಡುವಷ್ಟು ಉಸಿರು ಇದ್ದರೆ ಸಾಕು. ಸಮತಟ್ಟು ಸಿಕ್ಕಲ್ಲಿ ಮಾತ್ರ ಓಡಿ. ಇದೇ ತುದಿ ಅಂದುಕೊಂಡು ಒಂದು ದಿಬ್ಬ ಏರಿದರೆ ಅದರಾಚೆ ಇನ್ನೊಂದು ಕಾಣುತ್ತದೆ, ಆಗ ಬೈದುಕೊಳ್ಳದವರು ಯಾರೂ ಇಲ್ಲ! ಎದುರಿನ ದಾರಿಯೇ ಕಾಣದಷ್ಟು ಮಂಜು ಮುಚ್ಚಿದರೆ ನಿಂತುಬಿಡಿ, ಬಂದ ದಾರಿ ಗೊತ್ತಿರುವಾಗಲೇ ವಾಪಸ್ ತಿರುಗಿ.

ಮೇಲೆ ಮುಳ್ಳಪ್ಪ ಸ್ವಾಮಿ ಗುಡಿ. ಬೆವರು ಆರುವ ಮುಂಚೆ ಜಾಕೆಟ್ ಹಾಕಿಕೊಳ್ಳಿ, ಅಲ್ಲಿಯ ಗಾಳಿ ಐದೇ ನಿಮಿಷದಲ್ಲಿ ಮೈ ಮರಗಟ್ಟಿಸುತ್ತದೆ. ಏನಾದರೂ ತಿಂದು, ಐನೂರರಷ್ಟಿರುವ ಮೆಟ್ಟಿಲನ್ನು ನಡೆದೇ ಇಳಿಯಿರಿ. ನನ್ನ ಮೀನಖಂಡ ಹಿಡಿದುಕೊಂಡದ್ದು ಇಲ್ಲೇ. ಒಬ್ಬ ಅಜ್ಜಿ ಕೋಲು ಊರಿಕೊಂಡು ನನ್ನನ್ನು ದಾಟಿ ಹೋದರು.

ಕೆಳಗೆ ಟಾರು ರಸ್ತೆ. ಇಳಿಜಾರು ಎಳೆಯುತ್ತದೆ ಅಂತ ಉದ್ದ ಹೆಜ್ಜೆ ಹಾಕಿದರೆ ಮಂಡಿಗೆ ಪೆಟ್ಟು, ಅದಕ್ಕೇ ಹೆಜ್ಜೆ ಚಿಕ್ಕದಿರಲಿ, ಮಂಡಿ ತುಸು ಬಾಗಿರಲಿ. ತಿರುವುಗಳಲ್ಲಿ ಇಯರ್‌ಫೋನ್ ತೆಗೆದು ಹಾರ್ನ್ ಕೇಳಿಸಿಕೊಳ್ಳಿ. ಸೀತಾಳಯ್ಯನಗಿರಿ ಹತ್ತಿರ ಮಜ್ಜಿಗೆ ಸಿಕ್ಕರೆ ಉಪ್ಪು ಜಾಸ್ತಿ ಹಾಕಿಸಿ ಕುಡಿಯಿರಿ. ಕಮಾನು ತಲುಪಿದ ಮೇಲೆ ಕೂತು ಸಾಕ್ಸ್ ಬಿಚ್ಚಿ ನೋಡಿ, ಇಂಬಳ ಇದ್ದರೂ ಇರಬಹುದು. ಕಿತ್ತು ಎಳೆಯಬೇಡಿ, ಚಿಟಿಕೆ ಉಪ್ಪು ಹಾಕಿದರೆ ತಾನೇ ಬಿಡುತ್ತದೆ.